ಮೇಷ್ಟ್ರ ಪೆನ್ ಡ್ರೈವ್ ಮತ್ತು ಎಫ್ ಅಕ್ಷರ

2019ರ ಜುಲೈ, ಆಷಾಢ. ಸಾಗರದಲ್ಲಿ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. ಮದುವೆಗಳಿಲ್ಲದ ತಿಂಗಳಾದ್ದರಿಂದ ನನ್ನ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಕೆಲಸವೂ ಇರಲಿಲ್ಲ. ಹನ್ನೊಂದರ ಹೊತ್ತಿಗೆ ಮೇಷ್ಟ್ರು ಬಂದರು. ಕೊಡೆ ಮಡಚಿ ಹೊರಗಿಟ್ಟು, ಅಂಗಿ ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಇನ್ನೊಂದು ಕವರ್. ಅದರೊಳಗೆ ಪೆನ್ ಡ್ರೈವ್.

"ಇದರಲ್ಲಿರೋದನ್ನ ಎರಡು ಪ್ರತಿ ತೆಗೆದುಕೊಡಮ್ಮ" ಅಂದರು.

ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು ಅವರು. ಅವರ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿಯುವ ಮೊದಲೇ ಅವರ ಮನೆಯವರೆಲ್ಲ ಗಂಟುಮೂಟೆ ಕಟ್ಟಿದ್ದರು. ಆಗ ಇವರು ಚಿಕ್ಕ ಹುಡುಗ. ನಿವೃತ್ತಿಯಾದ ಮೇಲೆ ನುಡಿ ತಂತ್ರಾಂಶದಲ್ಲಿ ಟೈಪಿಂಗ್ ಕಲಿತರು. ಮುಳುಗಿದ ಊರಿನ ಒಂದೊಂದು ಗದ್ದೆ, ತೋಟ, ಬ್ಯಾಣ (ಹುಲ್ಲುಗಾವಲು), ಕೆರೆಯ ಹೆಸರನ್ನೂ, ಯಾವ ಮನೆಯವರು ಎಲ್ಲಿಗೆ ಹೋಗಿ ಸೇರಿದರು ಎಂಬುದನ್ನೂ ನಾಲ್ಕು ವರ್ಷ ಕೂತು ಬರೆದರು. ಹಿಂದಿನ ತಿಂಗಳು ಅವರ ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹೋಯಿತು. ಉಳಿದಿದ್ದು ಈ ಪೆನ್ ಡ್ರೈವ್ ಒಂದೇ.

ಅದನ್ನು ಸಿಪಿಯು ಮುಂಭಾಗದ ಪೋರ್ಟಿಗೆ ಹಾಕಿದೆ. ಸದ್ದಿಲ್ಲ. ಲೈಟೂ ಹತ್ತಲಿಲ್ಲ. ತೆಗೆದು ಪಕ್ಕದ ಪೋರ್ಟಿಗೆ ಹಾಕಿದೆ. ಅಲ್ಲೂ ಅದೇ ಕಥೆ. ಮೇಷ್ಟ್ರು ನನ್ನ ಮುಖ ನೋಡುತ್ತಿದ್ದರು.

ಟಾರ್ಚ್ ಬಿಟ್ಟು ನೋಡಿದರೆ ಪೋರ್ಟಿನೊಳಗಿನ ಹಿತ್ತಾಳೆ ಬಣ್ಣದ ಪಟ್ಟಿಗಳ ಮೇಲೆ ಹಸಿರು ಕಿಲುಬು. ಮಲೆನಾಡಿನ ಮಳೆಗಾಲದಲ್ಲಿ ಇದು ಮಾಮೂಲಿ. ಅಲ್ಲದೆ ಮುಂಭಾಗದ ಪೋರ್ಟುಗಳು ಒಂದು ಸಣ್ಣ ಕೇಬಲ್ಲಿನಲ್ಲಿ ಮದರ್‌ಬೋರ್ಡಿಗೆ ಸೇರಿರುತ್ತವೆ. ಆ ಕೇಬಲ್ ಸಡಿಲವಾದರೂ ಸಾಕು, ಪೆನ್ ಡ್ರೈವಿಗೆ ಬೇಕಾದ ಐದು ವೋಲ್ಟ್ ಸರಿಯಾಗಿ ಸಿಗುವುದಿಲ್ಲ. ಹಿಂಭಾಗದವು ನೇರವಾಗಿ ಬೋರ್ಡಿಗೇ ಬೆಸುಗೆ ಹಾಕಿದವು. ಅದಕ್ಕೇ ಯಾರೇ ಕೇಳಿದರೂ, ಮೊದಲು ಹಿಂದೆ ಹಾಕಿ ನೋಡಿ ಅಂತಲೇ ನಾನು ಹೇಳುವುದು.

ಮೇಜಿನಡಿ ಬಗ್ಗಿ ಹಿಂದೆ ಹಾಕಿದೆ. ಟಿಣ್‌ಟಿಣ್ ಅಂತ ಸದ್ದು ಬಂತು. ಪೆನ್ ಡ್ರೈವಿನ ನೀಲಿ ದೀಪ ಮಿನುಗಿತು. ಗಡಿಯಾರದ ಪಕ್ಕ ಹಸಿರು ಬಾಣದ ಗುರುತೂ ಬಂತು. ಎದ್ದು ಮೈ ಕಂಪ್ಯೂಟರ್ ತೆರೆದರೆ ಪೆನ್ ಡ್ರೈವ್ ಇಲ್ಲ!

"ಬಂತೇನಮ್ಮ?"

"ಇನ್ನೊಂದು ಐದು ನಿಮಿಷ ಕೊಡಿ ಮೇಷ್ಟ್ರೇ."

ನನ್ನ ಸ್ವಂತ ಪೆನ್ ಡ್ರೈವನ್ನು ಅದೇ ಪೋರ್ಟಿಗೆ ಹಾಕಿದೆ. ಕೂಡಲೇ ಬಂತು. ಆಗ ನಿಜಕ್ಕೂ ಹೊಟ್ಟೆಯಲ್ಲಿ ತಳಮಳ. ನನ್ನದು ಬರುತ್ತದೆ, ಇವರದು ಬರುವುದಿಲ್ಲ ಅಂದರೆ ಇವರದೇ ಹೋಗಿದೆ ಅಂತ ತಾನೇ ಅರ್ಥ? ಜೆರಾಕ್ಸಿಗೆ ಕಾಯುತ್ತಿದ್ದ ಕಾಲೇಜು ಹುಡುಗನೊಬ್ಬ, "ಅಕ್ಕಾ, ಫಾರ್ಮ್ಯಾಟ್ ಹೊಡೀರಿ, ಸರಿ ಹೋಗುತ್ತೆ" ಅಂದ. ಒಳ್ಳೇ ಮನಸ್ಸಿನಿಂದಲೇ ಅಂದ. ಮೇಷ್ಟ್ರು, "ಹಾಗಂದ್ರೆ ಏನು?" ಅಂತ ಕೇಳಿದರು. "ಬೇಡ ಮೇಷ್ಟ್ರೇ, ಅದರ ಸುದ್ದಿಯೇ ಬೇಡ" ಅಂದೆ. ಒಳಗಿರುವುದು ಬೇಡದಿದ್ದಾಗ ಮಾತ್ರ ಮಾಡುವ ಕೆಲಸ ಅದು.

ಸುಮ್ನೆ ಕೂತು ಯೋಚಿಸಿದೆ. ಸದ್ದು ಬಂದಿದೆ, ಹಸಿರು ಬಾಣ ಬಂದಿದೆ. ಅಂದರೆ ಕಂಪ್ಯೂಟರ್ ಇದನ್ನು ಕಂಡಿದೆ. ನಮಗೆ ತೋರಿಸುತ್ತಿಲ್ಲ, ಅಷ್ಟೇ. ಪೆನ್ ಡ್ರೈವ್ ಪೂರ್ತಿ ಸತ್ತಿದ್ದರೆ ಆ ಸದ್ದೇ ಬರುತ್ತಿರಲಿಲ್ಲ.

ಅಂಗಡಿಯ ಆ ಡೆಸ್ಕ್‌ಟಾಪಿನಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು. ಅದಕ್ಕೆ ಕಂಪನಿಯ ಬೆಂಬಲ 2014ರಲ್ಲೇ ನಿಂತಿತ್ತು. ಆದರೆ ಹಳೇ ಪೇಜ್‌ಮೇಕರ್, ಹಳೇ ನುಡಿ ಫಾಂಟುಗಳ ಕಡತಗಳು ಅದರಲ್ಲಿ ಚೆನ್ನಾಗಿ ತೆರೆಯುತ್ತಿದ್ದವು. ಹಾಗಾಗಿ ಇಂಟರ್ನೆಟ್ ಕೊಡದೆ ಅದನ್ನು ಉಳಿಸಿಕೊಂಡಿದ್ದೆ. ಮೇಷ್ಟ್ರ ಪೆನ್ ಡ್ರೈವನ್ನು ಮತ್ತೆ ಹಾಕಿದೆ. ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್ ಒತ್ತಿ, ಜೋಡಿಸಿದ ಡಿಸ್ಕುಗಳನ್ನೆಲ್ಲ ತೋರಿಸುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. ಪಟ್ಟಿ ಬರಲು ಅರ್ಧ ನಿಮಿಷ ಹಿಡಿಯಿತು. ಆ ಅರ್ಧ ನಿಮಿಷ ಬಹಳ ಉದ್ದವಾಗಿತ್ತು.

ಅಲ್ಲಿ 'ರಾ' ಅಂತ ಬಂದರೆ ಕಡತಗಳ ವ್ಯವಸ್ಥೆ ಹಾಳಾಗಿದೆ ಅಂತ ಲೆಕ್ಕ. 'ನೋ ಮೀಡಿಯಾ' ಅಂತ ಬಂದರೆ ಇನ್ನೂ ಕಷ್ಟ, ಮೆಮೊರಿ ಚಿಪ್ಪೇ ಮಾತಾಡುತ್ತಿಲ್ಲ ಅನ್ನಬಹುದು. ಬಂದದ್ದು ಇವೆರಡೂ ಅಲ್ಲ. ಡಿಸ್ಕ್ 1, ರಿಮೂವಬಲ್, 7.45 ಜಿಬಿ, ಫ್ಯಾಟ್32, ಹೆಲ್ದಿ. ಎಂಟು ಜಿಬಿಯ ಪೆನ್ ಡ್ರೈವ್ ಕಂಪ್ಯೂಟರಿನ ಲೆಕ್ಕದಲ್ಲಿ ತೋರುವುದೇ ಸುಮಾರು ಅಷ್ಟು. ಅಬ್ಬಾ! "ಮೇಷ್ಟ್ರೇ, ಇದೆ. ಒಳಗೆ ಚೆನ್ನಾಗೇ ಇದೆ" ಅಂತ ಜೋರಾಗಿಯೇ ಹೇಳಿದೆ. ಅವರು ಆಗ ಸ್ಟೂಲಿನ ಮೇಲೆ ಕೂತರು. ಅಲ್ಲಿಯವರೆಗೂ ನಿಂತೇ ಇದ್ದರು ಅನ್ನುವುದನ್ನು ನಾನು ಗಮನಿಸಿಯೇ ಇರಲಿಲ್ಲ.

ಪಕ್ಕದಲ್ಲಿ ಅದರ ಅಕ್ಷರವೂ, ಅಂದರೆ ಒಂದೊಂದು ಡ್ರೈವನ್ನು ಗುರುತಿಸಲು ಕಂಪ್ಯೂಟರ್ ಕೊಡುವ ಇಂಗ್ಲಿಷ್ ಅಕ್ಷರವೂ ಇತ್ತು: ಎಫ್. ಮೈ ಕಂಪ್ಯೂಟರಿಗೆ ಮರಳಿ ನೋಡಿದರೆ ಅಲ್ಲೂ ಒಂದು ಎಫ್ ಇದೆ. ಅದರ ಮೇಲೆ ಕೆಂಪು ಗುರುತು.

ಆಗ ತಿಳಿಯಿತು. ಎರಡು ವಾರದ ಹಿಂದೆ ಅಂಗಡಿಯ ಇನ್ನೊಂದು ಕಂಪ್ಯೂಟರಿನ ಒಂದು ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಇದಕ್ಕೆ ಜೋಡಿಸಿ, ಅದಕ್ಕೆ ಎಫ್ ಅಂತ ಹೆಸರು ಕೊಟ್ಟಿದ್ದೆ. ಆಮೇಲೆ ಸಿಡಿಲಿಗೆ ಆ ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಸುಟ್ಟು, ಅದು ರಿಪೇರಿಗೆ ಶಿವಮೊಗ್ಗಕ್ಕೆ ಹೋಗಿತ್ತು. ಕಂಪ್ಯೂಟರ್ ಹೋದರೂ ಅದರ ಹೆಸರಿನಲ್ಲಿ ಎಫ್ ಅಕ್ಷರ ಹಿಡಿದೇ ಇತ್ತು. ಎಕ್ಸ್‌ಪಿಯಲ್ಲಿ ಹೊಸ ಪೆನ್ ಡ್ರೈವ್ ಹಾಕಿದಾಗ ಒಳಗಿನ ಡಿಸ್ಕುಗಳ ನಂತರದ ಅಕ್ಷರ ಅದಕ್ಕೆ ಸಿಗುತ್ತದೆ. ಸಿ, ಡಿ ಹಾರ್ಡ್ ಡಿಸ್ಕಿನವು, ಇ ಸಿಡಿ ಡ್ರೈವಿನದು, ಮುಂದಿನದು ಎಫ್. ನೆಟ್‌ವರ್ಕಿನವರು ಆ ಅಕ್ಷರ ತಗೊಂಡಿದ್ದಾರಾ ಅಂತ ಅದು ನೋಡುವುದಿಲ್ಲ. ಒಂದೇ ಅಕ್ಷರಕ್ಕೆ ಇಬ್ಬರಾದಾಗ ನಮ್ಮ ಕಣ್ಣಿಗೆ ಬೀಳುವುದು ನೆಟ್‌ವರ್ಕಿನದು ಮಾತ್ರ. ನನ್ನ ಪೆನ್ ಡ್ರೈವಿಗೆ ಹಿಂದೊಮ್ಮೆ ನಾನೇ ಕೆ ಅಕ್ಷರ ಕೊಟ್ಟಿದ್ದೆ. ಕಂಪ್ಯೂಟರ್ ಅದನ್ನು ನೆನಪಿಟ್ಟುಕೊಂಡಿತ್ತು. ಅದಕ್ಕೇ ನನ್ನದು ಸಲೀಸಾಗಿ ಬಂತು.

ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಡ್ರೈವ್ ಲೆಟರ್ ಬದಲಿಸುವ ಆಯ್ಕೆ ಒತ್ತಿ, ಎಫ್ ತೆಗೆದು ಎಂ ಕೊಟ್ಟೆ. ಎಂ ಅಂದರೆ ಮೇಷ್ಟ್ರು, ನೆನಪಿರಲಿ ಅಂತ. ಎರಡು ಸೆಕೆಂಡು. ಫೋಲ್ಡರ್ ತೆರೆಯಿತು. ಒಳಗೆ ಒಂದೇ ಕಡತ, 'ನಮ್ಮೂರು'.

ತೆರೆಯುವ ಮೊದಲು ಅದನ್ನು ಡಿ ಡ್ರೈವಿಗೆ ಕಾಪಿ ಮಾಡಿದೆ. ಒಂದು ಸಿಡಿಗೂ ಬರೆದೆ. ಆಮೇಲೆ ತೆರೆದೆ. ಅಕ್ಷರ ಎಲ್ಲವೂ ಇದ್ದಲ್ಲೇ ಇದ್ದವು, ಒತ್ತಕ್ಷರ ಸಮೇತ. ಅರವತ್ತೆಂಟು ಪುಟ.

ಮೇಷ್ಟ್ರು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. "ಸ್ವಲ್ಪ ಕೆಳಗೆ ಹೋಗು. ಇನ್ನೂ ಕೆಳಗೆ. ಹಾಂ, ಅಲ್ಲಿ." ಅವರ ಮನೆಯ ಜಮೀನಿನ ಪುಟ ಅದು. ಮಾವಿನಮರದ ಮಕ್ಕಿ, ಸಂಪಿಗೆಕಟ್ಟೆ ಗದ್ದೆ, ಅಜ್ಜಿ ಬ್ಯಾಣ. ಒಂದೊಂದನ್ನೂ ಬೆರಳು ತೋರಿಸಿ ಓದಿದರು. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ಕಾಲೇಜು ಹುಡುಗನೂ ಜೆರಾಕ್ಸ್ ಮರೆತು ನಿಂತು ಕೇಳುತ್ತಿದ್ದ.

ಪ್ರಿಂಟರಿಗೆ ಹಾಳೆ ತುಂಬುತ್ತಿದ್ದೆ. "ತಡಿಯಮ್ಮ, ಈಗ ನೆನಪಾಯ್ತು" ಅಂದರು ಮೇಷ್ಟ್ರು. "ಕೆರೆ ಏರಿ ಕೆಳಗೆ ಇನ್ನೊಂದು ಸಣ್ಣ ಗದ್ದೆ ಇತ್ತು, ಕೋಣನ ಹೊಂಡ ಅಂತ. ಅದನ್ನೂ ಸೇರಿಸ್ತೀಯಾ?"

ಪ್ರಿಂಟ್ ನಿಲ್ಲಿಸಿ ಕೀಬೋರ್ಡ್ ಹತ್ತಿರ ಎಳೆದುಕೊಂಡೆ.