ಗೊಂಬೆ ನಿಲ್ಲಬೇಕು, ಸ್ಟ್ಯಾಂಡ್ ಕಾಣಬಾರದು

29 ಸೆಂ.ಮೀ. ಎತ್ತರದ ಫ್ಯಾಷನ್ ಗೊಂಬೆಯ ಪಾದ ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪವೇ ದೊಡ್ಡದು, ಅದೂ ಹಿಮ್ಮಡಿ ಎತ್ತಿ ತುದಿಗಾಲಿನಲ್ಲಿ ನಿಂತ ಪಾದ. ಅಂಥ ಗೊಂಬೆ ತಾನಾಗಿಯೇ ನಿಲ್ಲುವುದಿಲ್ಲ ಎಂಬುದು ಅದನ್ನು ಮಾಡಿದವರಿಗೂ ಗೊತ್ತಿತ್ತು. 1959ರಲ್ಲಿ ಮೊದಲ ಬಾರ್ಬಿ ಮಾರುಕಟ್ಟೆಗೆ ಬಂದಾಗ ಅದರ ಅಂಗಾಲುಗಳಲ್ಲಿ ಲೋಹದ ಸಣ್ಣ ಕೊಳವೆ ಕೂರಿಸಿದ ತೂತುಗಳಿದ್ದವು. ದುಂಡನೆಯ ಪೀಠದಿಂದ ಎದ್ದ ಎರಡು ಕಡ್ಡಿಗಳು ಆ ತೂತುಗಳೊಳಗೆ ಸೇರಿಕೊಂಡು ಗೊಂಬೆಯನ್ನು ನಿಲ್ಲಿಸುತ್ತಿದ್ದವು. ಸ್ವಲ್ಪ ಕಾಲದಲ್ಲೇ ತೂತುಗಳು ಮಾಯವಾಗಿ, ಪೀಠದಿಂದ ಮೇಲೆದ್ದು ಕಂಕುಳಿನ ಕೆಳಗೆ ಆಸರೆ ಕೊಡುವ ತಂತಿ ಬಂತು. ಗೊಂಬೆಯ ಮೈಯನ್ನು ಎಲ್ಲಿ ಹಿಡಿಯಬೇಕು ಎಂಬ ಪ್ರಶ್ನೆ ಅಂದಿನಿಂದಲೂ ಇದೆ. ನಾನು ಕಡಿಮೆ ಖರ್ಚಿನಲ್ಲಿ ಸ್ಟ್ಯಾಂಡ್ ಹುಡುಕಲು ಹೊರಟಾಗ ಈ ಪ್ರಶ್ನೆಯನ್ನೇ ಮರೆತಿದ್ದೆ, ಅದಕ್ಕೆ ದಂಡವನ್ನೂ ತೆತ್ತೆ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಒಂದೇ ಅಳತೆಯ ಹನ್ನೆರಡು ಪ್ಲಾಸ್ಟಿಕ್ ಸ್ಟ್ಯಾಂಡ್‌ಗಳನ್ನು ಒಟ್ಟಿಗೆ ಕೊಂಡೆ. ಬಿಡಿಯಾಗಿ ಕೊಳ್ಳುವುದಕ್ಕಿಂತ ಕಟ್ಟಿನಲ್ಲಿ ಕೊಂಡರೆ ಅಗ್ಗ ಎಂಬುದು ನಿಜ, ಆದರೆ ಕೊಳ್ಳುವ ಮುನ್ನ ಗೊಂಬೆಯ ಸೊಂಟದ ಸುತ್ತಳತೆ, ಸೊಂಟದವರೆಗಿನ ಎತ್ತರ ಮತ್ತು ಉಡುಪಿನ ದಪ್ಪ ಈ ಮೂರನ್ನೂ ದಾರ ಹಿಡಿದು ಅಳೆಯಬೇಕಿತ್ತು. ನಾನು ಎತ್ತರವೊಂದನ್ನೇ ನೋಡಿದ್ದೆ. ಸೊಂಟ ಹಿಡಿಯುವ ಕ್ಲಿಪ್ ಬಿಗಿಯಾಗಿತ್ತು, ಒತ್ತಿ ಕೂರಿಸಿದ್ದರಿಂದ ಎರಡು ಕ್ಲಿಪ್‌ಗಳು ಬುಡದಲ್ಲೇ ಮುರಿದವು. ಉಳಿದವು ಮುರಿಯದೆ ಮಾಡಿದ ಹಾನಿ ಇನ್ನೂ ದೊಡ್ಡದು: ಕೆಲವು ತಿಂಗಳ ನಂತರ ಗೊಂಬೆಯೊಂದನ್ನು ಕೆಳಗಿಳಿಸಿ ಉಡುಪು ಬಿಚ್ಚಿದಾಗ, ಸೊಂಟದ ಎರಡೂ ಪಕ್ಕದಲ್ಲಿ ಬಿದಿಗೆಯ ಚಂದ್ರನಂತೆ ಹೊಳೆಯುವ ಗುರುತುಗಳು ಮೂಡಿದ್ದವು.

ಗೀರು ಎಂದುಕೊಂಡು ಬೆರಳಾಡಿಸಿದರೆ ಅಂಟಂಟಾಗಿತ್ತು. ಗೊಂಬೆಯ ಮೈಯ ಮೃದುವಾದ ಪ್ಲಾಸ್ಟಿಕ್ಕಾದ ವಿನೈಲ್‌ಗೆ ಆ ಮೃದುತ್ವ ಬರುವುದು ಅದರಲ್ಲಿ ಬೆರೆಸಿದ ಎಣ್ಣೆಯಂಥ ಪ್ಲಾಸ್ಟಿಸೈಜರ್‌ನಿಂದ. ಅದು ವರ್ಷಗಟ್ಟಲೆ ನಿಧಾನವಾಗಿ ಹೊರಗೆ ಜಿನುಗುತ್ತಿರುತ್ತದೆ, ಮತ್ತು ತನಗೆ ತಾಗಿಕೊಂಡ ಪಾಲಿಸ್ಟೈರೀನ್‌ನಂಥ ಗಡಸು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಿಬಿಡುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಕರೆಂಟ್ ತಂತಿಯನ್ನು ಬಳಸಿದರೂ ಫಲ ಹೆಚ್ಚು ಕಡಿಮೆ ಇದೇ, ಏಕೆಂದರೆ ಆ ಹೊದಿಕೆಯೂ ಬಹುಮಟ್ಟಿಗೆ ಮೃದುಗೊಳಿಸಿದ ಪಿ.ವಿ.ಸಿ.ಯೇ, ಅಂದರೆ ವಿನೈಲೇ. ರಬ್ಬರ್ ಬ್ಯಾಂಡ್ ಹಾಕಿದರೆ ಅದು ಒಣಗಿ ಮೈಗೆ ಹತ್ತಿಕೊಳ್ಳುತ್ತದೆ. ಹಿತ್ತಾಳೆ ಅಥವಾ ತಾಮ್ರದ ತಂತಿ ನೇರವಾಗಿ ತಾಗಿದರೆ ಹಸಿರು ಕಲೆ ಇಳಿಯುತ್ತದೆ. ಹಳೆಯ ಬಾರ್ಬಿಗಳ ಕಿವಿಯೋಲೆಯ ಸುತ್ತ ಹಸಿರುಗಟ್ಟುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗಾಗಿ ಸ್ಟ್ಯಾಂಡ್ ಯಾವುದರಿಂದ ಮಾಡಿದ್ದು ಎನ್ನುವುದಕ್ಕಿಂತ, ಗೊಂಬೆಯ ಮೈಗೆ ತಾಗುವ ಒಂದೆರಡು ಸೆಂಟಿಮೀಟರ್ ಯಾವುದರದು ಎನ್ನುವುದೇ ನನಗೆ ಮುಖ್ಯವಾಯಿತು. ಖರ್ಚನ್ನು ಉಳಿದೆಲ್ಲ ಕಡೆ ಕಡಿತಗೊಳಿಸಬಹುದು, ಅಲ್ಲೊಂದು ಕಡೆ ಮಾತ್ರ ಕೂಡದು.

ಈಗ ನಾನು ಮಾಡಿಕೊಳ್ಳುವ ಸ್ಟ್ಯಾಂಡ್‌ಗೆ ಬೇಕಾದದ್ದು 1.6 ಮಿ.ಮೀ. ದಪ್ಪದ ಸತುವು ಲೇಪಿಸಿದ ಕಬ್ಬಿಣದ ತಂತಿ ಸುಮಾರು 50 ಸೆಂ.ಮೀ., 9 ಸೆಂ.ಮೀ. ಚೌಕದ 12 ಮಿ.ಮೀ. ಪ್ಲೈವುಡ್ ತುಂಡು ಮತ್ತು ಅಂಗೈಯಗಲದಷ್ಟು ಉದ್ದದ ಹೀಟ್‌ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ತಂತಿಯನ್ನು ಬಿಗಿಯಾಗಿ ಹಿಡಿಯುವ ಪ್ಲಾಸ್ಟಿಕ್ ಕೊಳವೆ). ತಂತಿಯನ್ನು ಸರಿಯಾಗಿ ನಡುವೆ ಮಡಿಸಿ, ಮಡಿಕೆಯನ್ನು ವೈಸ್‌ನಲ್ಲಿ ಕಚ್ಚಿಸಿ, ಎರಡೂ ಎಳೆಗಳನ್ನು ಇಕ್ಕಳದಿಂದ ಹಿಡಿದು ಹಗ್ಗ ಹೊಸೆದಂತೆ ಹೊಸೆಯುತ್ತೇನೆ. ಇದೇ ದಪ್ಪದ ಒಂಟಿ ಎಳೆ ಗೊಂಬೆಯ ಭಾರಕ್ಕೆ ಸ್ವಲ್ಪ ತೂಗಾಡುತ್ತದೆ, ಹೊಸೆದ ಜೋಡಿ ಎಳೆ ಗಟ್ಟಿಯಾಗಿ ನಿಲ್ಲುತ್ತದೆ. ಸೊಂಟದ ಎತ್ತರಕ್ಕೆ ಬಂದಾಗ ಹೊಸೆಯುವುದನ್ನು ನಿಲ್ಲಿಸಿ, ಉಳಿದ ಎರಡು ತುದಿಗಳನ್ನು ಎಡಕ್ಕೂ ಬಲಕ್ಕೂ ತೆರೆದು, ಸೊಂಟಕ್ಕಿಂತ ಒಂದು ಕೂದಲಿನಷ್ಟು ತೆಳ್ಳಗಿರುವ ದುಂಡನೆಯ ವಸ್ತುವಿನ ಮೇಲೆ ಬಗ್ಗಿಸಿದರೆ ಎರಡು ತೋಳುಗಳು ಸಿದ್ಧವಾಗುತ್ತವೆ. ಆ ತೋಳುಗಳು ಸೊಂಟದ ಮುಕ್ಕಾಲು ಭಾಗವನ್ನಷ್ಟೇ ಬಳಸಬೇಕು. ಪೂರ್ತಿ ಸುತ್ತಿದರೆ ಗೊಂಬೆಯನ್ನು ಒಳಗೆ ತೂರಿಸುವಷ್ಟರಲ್ಲಿ ಉಡುಪು ಹರಿಯುತ್ತದೆ.

ಕೊಳವೆಯನ್ನು ತೋಳುಗಳಿಗೆ ಏರಿಸುವ ಕೆಲಸ ಇದಕ್ಕೆ ಮುಂಚೆಯೇ ಆಗಿರಬೇಕು. ತುದಿಗಳನ್ನು ಹೊರಗೆ ಸುರುಳಿ ಮಾಡಿದ ಮೇಲೆ ಅದು ಒಳಗೆ ಹೋಗುವುದಿಲ್ಲ. (ಇದನ್ನು ನಾನು ಮೂರು ಸಲ ಮರೆತಿದ್ದೇನೆ, ನಾಲ್ಕನೆಯ ಸಲವೂ ಮರೆಯುವ ಲಕ್ಷಣಗಳಿವೆ.) ತುದಿಯನ್ನು ಸುರುಳಿ ಮಾಡುವುದು ಅಂದಕ್ಕಲ್ಲ. ಕತ್ತರಿಸಿದ ತಂತಿಯ ಬಾಯಿ ರೇಷ್ಮೆಗೂ ಜಾಲರಿ ಬಟ್ಟೆಗೂ ಶತ್ರು. ಹೀಟ್‌ಶ್ರಿಂಕ್ ಕೊಳ್ಳುವಾಗ ಪಾಲಿಓಲಿಫಿನ್ (ಪ್ಲಾಸ್ಟಿಸೈಜರ್ ಬೇಡದ ಪ್ಲಾಸ್ಟಿಕ್) ಎಂದು ಬರೆದದ್ದನ್ನೇ ಆರಿಸಬೇಕು. ಪಿ.ವಿ.ಸಿ.ಯಿಂದ ಮಾಡಿದ್ದೂ ಅದೇ ಬಣ್ಣದಲ್ಲಿ, ಅದೇ ಹೊಳಪಿನಲ್ಲಿ ಸಿಗುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಹಿತ್ತಾಳೆಯ ಕಡ್ಡಿಗಳಿಂದ ಆಸರೆಗಳನ್ನು ಮಾಡುವವರೂ ವಸ್ತುವಿಗೆ ತಾಗುವ ಜಾಗಕ್ಕೆ ಇಂಥದೇ ಹೊದಿಕೆ ಹಾಕುತ್ತಾರೆ, ಆದ್ದರಿಂದ ಇದು ಬಡವರ ಉಪಾಯವೇನಲ್ಲ. ಕೊಳವೆ ಸಿಗದಿದ್ದರೆ ಬಿಳಿಯ ಹತ್ತಿ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಸೂಜಿದಾರದಲ್ಲಿ ಹೊಲಿದು ನಿಲ್ಲಿಸಿದರೂ ಆಗುತ್ತದೆ. ಬಣ್ಣದ ಬಟ್ಟೆ ಮಾತ್ರ ಬೇಡ, ಬಣ್ಣ ವಿನೈಲ್‌ಗೆ ಇಳಿದರೆ ತೆಗೆಯುವುದು ಕಷ್ಟ.

ಪೀಠದ ವಿಷಯದಲ್ಲಿ ಲೆಕ್ಕ ಹಾಕಿಯೇ ನೋಡಬೇಕು. ಗೊಂಬೆಯ ತೂಕ 120 ಗ್ರಾಂ, ಅದರ ಗುರುತ್ವ ಕೇಂದ್ರ ಪೀಠದ ಬುಡದಿಂದ 16 ಸೆಂ.ಮೀ. ಮೇಲೆ ಇದೆ ಎಂದಿಟ್ಟುಕೊಳ್ಳೋಣ. 9 ಸೆಂ.ಮೀ. ಚೌಕದ ಪೀಠ 15 ಗ್ರಾಂ ಮಾತ್ರ ತೂಗಿದರೆ, ಗೊಂಬೆ ಸುಮಾರು 17 ಡಿಗ್ರಿ ವಾಲಿದಾಗಲೇ ಉರುಳುತ್ತದೆ. ಅದೇ ಅಗಲದ ಪೀಠಕ್ಕೆ ಗೊಂಬೆಯಷ್ಟೇ ತೂಕ ಕೊಟ್ಟರೆ ಅದು ಸುಮಾರು 28 ಡಿಗ್ರಿಯವರೆಗೆ ತಡೆಯುತ್ತದೆ. ಕಪಾಟಿನ ಬಾಗಿಲನ್ನು ಜೋರಾಗಿ ಎಳೆದಾಗ ಒಂದು ಬಿದ್ದು ಸಾಲಿನ ಉಳಿದವನ್ನೂ ಕೆಡವುವುದು, ಅಥವಾ ಒಮ್ಮೆ ಅಲುಗಿ ಸುಮ್ಮನಾಗುವುದು, ಈ 11 ಡಿಗ್ರಿಯ ಒಳಗೇ ತೀರ್ಮಾನವಾಗುತ್ತದೆ. ಹಾಗಾಗಿ ಪ್ಲೈವುಡ್ಡಿನ ಅಡಿಯಲ್ಲಿ ಹಳೆಯ ಕಬ್ಬಿಣದ ವಾಷರ್‌ಗಳನ್ನು ಎರಡು ಭಾಗ ಬೆರೆಸುವ ಎಪಾಕ್ಸಿ ಅಂಟಿನಿಂದ ಕೂರಿಸುತ್ತೇನೆ. ಬಿಸಿ ಅಂಟಿನ ಗನ್ನು ಬೇಗ ಕೆಲಸ ಮಾಡುತ್ತದಾದರೂ ನಯವಾದ ಲೋಹದಿಂದ ಅಷ್ಟೇ ಬೇಗ ಬಿಟ್ಟುಕೊಳ್ಳುತ್ತದೆ. ತಂತಿಯ ತೂತನ್ನು ಪೀಠದ ನಟ್ಟನಡುವೆ ಕೊರೆಯದೆ ಸುಮಾರು 2 ಸೆಂ.ಮೀ. ಹಿಂದಕ್ಕೆ ಕೊರೆಯಬೇಕು, ಆಗ ಕಂಬವಲ್ಲ, ಗೊಂಬೆ ನಡುವಿಗೆ ಬರುತ್ತದೆ. ಇದು ಹೊಳೆಯುವ ಮೊದಲು ಮಾಡಿದ ಆರು ಪೀಠಗಳೂ ಮುಗ್ಗರಿಸಲು ಹೊರಟಂತೆ ಕಾಣುತ್ತಿದ್ದವು.

ಮರಗೆಲಸ ಬೇಡವೆನ್ನುವವರಿಗೆ ಮನೆಯಲ್ಲೇ ಪೀಠಗಳಿರುತ್ತವೆ. ಹಳೆಯ ಸಿ.ಡಿ. 12 ಸೆಂ.ಮೀ. ಅಗಲದ್ದು, ನಡುವೆ 15 ಮಿ.ಮೀ. ತೂತು ತಯಾರಿದೆ. ತೂಕ ಕಡಿಮೆಯಾದರೂ ಅಗಲದ ಬಲದಿಂದಲೇ ಅದು ಸುಮಾರು 23 ಡಿಗ್ರಿಯವರೆಗೆ ತಾಳುತ್ತದೆ, ನಾಲ್ಕನ್ನು ಒಂದರ ಮೇಲೊಂದು ಅಂಟಿಸಿದರೆ ಇನ್ನೂ ಒಳ್ಳೆಯದು. ಡಬ್ಬಿಯ ಮುಚ್ಚಳವನ್ನು ಬೋರಲು ಹಾಕಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು, ಗಟ್ಟಿಯಾಗುವ ಮೊದಲು ತಂತಿಯನ್ನು ನೆಡಬಹುದು. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಯಾರಿಗೂ ಬೇಡವಾದ ಟ್ರೋಫಿಗಳ ಕಲ್ಲಿನ ಪೀಠ. ಭಾರವೂ ಇದೆ, ತೂತೂ ಇದೆ, ನೋಡಲೂ ಗಂಭೀರವಾಗಿದೆ. ಹೆಸರು ಕೆತ್ತಿದ ಫಲಕವನ್ನು ಕೀಳಲು ಮರೆಯಬಾರದು, ಇಲ್ಲವಾದರೆ ಗೊಂಬೆ ಯಾರದೋ ಓಟದ ಪಂದ್ಯವನ್ನು ಗೆದ್ದಂತೆ ನಿಂತಿರುತ್ತದೆ.

ಸೊಂಟದ ಹಿಡಿತ ಎಲ್ಲ ಗೊಂಬೆಗಳಿಗೂ ಒಗ್ಗುವುದಿಲ್ಲ. 1972ರಲ್ಲಿ ಮೊದಲು ಬಂದ ಬ್ಲೈಥ್‌ನಂಥ ದೊಡ್ಡ ತಲೆಯ ಗೊಂಬೆಗಳ ಭಾರವೆಲ್ಲ ಮೇಲೆಯೇ ಇರುವುದರಿಂದ, ಅವು ಸೊಂಟದಿಂದ ಮುಂದಕ್ಕೆ ಬಾಗುತ್ತವೆ. ಅವಕ್ಕೆ ಕಂಕುಳಿನ ಕೆಳಗೆ ಹಿಡಿಯುವ ಎತ್ತರದ ತೋಳುಗಳೂ ಅಗಲವಾದ ಪೀಠವೂ ಬೇಕು. ಎಲಾಸ್ಟಿಕ್ ಎಳೆದು ಜೋಡಿಸಿದ ರೆಸಿನ್ ಗೊಂಬೆಗಳಿಗೆ ತೊಡೆಗಳ ನಡುವೆ ಕುದುರೆಯ ಜೀನಿನಂತೆ ಕೂರುವ ಆಸರೆಯೇ ಸರಿ, ಅದರಿಂದ ಕೀಲುಗಳ ಮೇಲಿನ ಭಾರವೂ ಕಡಿಮೆಯಾಗುತ್ತದೆ. ನೆಲ ಮುಟ್ಟುವ ಅಗಲವಾದ ಗೌನ್ ತೊಟ್ಟವಕ್ಕೆ ತಂತಿಯೇ ಬೇಕಿಲ್ಲ. ದಪ್ಪ ರಟ್ಟಿನ ಶಂಕುವೊಂದನ್ನು ಲಂಗದೊಳಗೆ ನಿಲ್ಲಿಸಿ, ಅದರ ತುದಿಯ ತೂತಿನಲ್ಲಿ ಕಾಲುಗಳನ್ನು ಇಳಿಬಿಟ್ಟರೆ ಗೊಂಬೆಯೂ ನಿಲ್ಲುತ್ತದೆ, ಲಂಗವೂ ಅರಳುತ್ತದೆ. 3ಡಿ ಪ್ರಿಂಟರ್‌ನಲ್ಲಿ ಅಚ್ಚು ಮಾಡಿಸಿದ ಸ್ಟ್ಯಾಂಡ್‌ಗಳನ್ನೂ ನೋಡಿದೆ. ಪೀಠಕ್ಕೆ ಅಡ್ಡಿಯಿಲ್ಲ, ಆದರೆ ತೆಳ್ಳನೆಯ ಕ್ಲಿಪ್ ಪದರಗಳ ಸಂದಿನಲ್ಲೇ ಬಿರಿಯುತ್ತದೆ, ಮತ್ತು ಆ ಪ್ರಿಂಟರ್‌ಗಳಲ್ಲಿ ಹೆಚ್ಚಾಗಿ ಬಳಸುವ ಪಿ.ಎಲ್.ಎ. ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ.

ಹೀಗೆ ಮಾಡಿದ ಸ್ಟ್ಯಾಂಡ್‌ಗಳ ಮೇಲೂ ಗೊಂಬೆಗಳನ್ನು ಮರೆತುಬಿಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಇಳಿಸಿ, ಸೊಂಟವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತೇನೆ. ಮೊದಲ ಸ್ಟ್ಯಾಂಡಿನ ಆ ಎರಡು ಗುರುತುಗಳು ಹೋಗಿಲ್ಲ, ಹೊಸವು ಬಂದಿಲ್ಲ. ಬಟ್ಟೆಯ ಗೊಂಬೆಯೊಂದು ಮಾತ್ರ ನನ್ನ ತಂತಿಗಳಿಗೆಲ್ಲ ಸೋಲು ಉಣಿಸಿದೆ. ಅದರ ಸೊಂಟಕ್ಕೆ ಎಲುಬೇ ಇಲ್ಲದ್ದರಿಂದ ತೋಳುಗಳು ಹತ್ತಿಯೊಳಗೆ ಹೂತುಹೋಗುತ್ತವೆ, ಬೆನ್ನಿಗೆ ಪಿನ್ನು ಚುಚ್ಚಲು ನನಗೆ ಮನಸ್ಸಿಲ್ಲ. ಅದನ್ನು ಪ್ಲೈವುಡ್ಡಿನ ಉಳಿದ ತುಂಡುಗಳಿಂದ ಮಾಡಿದ ಪುಟ್ಟ ಕುರ್ಚಿಯ ಮೇಲೆ ಕೂರಿಸಿದ್ದೇನೆ.