ಜಾರದ ಟವೆಲ್

ಅಪರಾಧ, ವಿಚಾರಣೆ, ಮೊಬೈಲ್ ಈ ಮೂರನ್ನೂ ಹತ್ತನೇ ತರಗತಿಗೆ ಹೇಳಲು ಈಗ ಕೋರ್ಟಿನಲ್ಲಿರುವ ಪ್ರಕರಣ ಬೇಡವೇ ಬೇಡ. ಹತ್ತೇ ನಿಮಿಷಕ್ಕೆ ಮಕ್ಕಳು ಎರಡು ಅಭಿಮಾನಿ ಬಳಗವಾಗುತ್ತಾರೆ. ಅದಕ್ಕೇ ಆ ಶನಿವಾರ ಎರಡು ಪೀರಿಯಡ್ ಸೇರಿಸಿ 1959ರ ಬಾಂಬೆಯ ನಾನಾವತಿ ಪ್ರಕರಣ ತೆಗೆದುಕೊಂಡದ್ದು.

ಮೊದಲು ಹೇಳಿದ್ದು ‘ಬ್ಲಿಟ್ಜ್’ ವಾರಪತ್ರಿಕೆ ಹೇಳಿದ ಕಥೆ ಮಾತ್ರ: ಗೌರವಸ್ಥ ನೌಕಾಪಡೆ ಅಧಿಕಾರಿ ನಾನಾವತಿ, ಅವನ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡ ಶ್ರೀಮಂತ ಪ್ರೇಮ್ ಅಹುಜಾ, ಅಹುಜಾನನ್ನು ಕೊಂದ ಮೂರು ಗುಂಡು. ಒಂಬತ್ತು ಮಕ್ಕಳನ್ನು ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ಜನರ ಗುಂಪು) ಮಾಡಿ, ಮಾತುಕತೆಗೆ ಮೊದಲೇ ಚೀಟಿಯಲ್ಲಿ ತೀರ್ಪು ಬರೆಸಬೇಕು. ಕೈ ಎತ್ತಿಸಿದರೆ ಎಲ್ಲರೂ ಗಟ್ಟಿ ದನಿಯವನ ಮುಖ ನೋಡುತ್ತಾರೆ. ಏಳು ಚೀಟಿ ‘ನಿರಪರಾಧಿ’ ಎಂದವು. ನಿಜವಾದ ಜ್ಯೂರಿಯಲ್ಲಿ ಎಂಟು.

ಆಮೇಲೆ ಸಾಕ್ಷ್ಯ. ಐಎನ್‌ಎಸ್ ಮೈಸೂರು ಹಡಗಿನಿಂದ ರಿವಾಲ್ವರ್, ಆರು ಗುಂಡು ಪಡೆಯುವಾಗ ನಾನಾವತಿ ಕೊಟ್ಟ ಕಾರಣ, ರಾತ್ರಿ ಒಬ್ಬನೇ ಅಹಮದ್‌ನಗರಕ್ಕೆ ಕಾರಿನಲ್ಲಿ ಹೋಗಬೇಕು ಎಂಬುದು. ಹೋದದ್ದು ಅಹುಜಾ ಮನೆಗೆ. ಕೈಕೈ ಮಿಲಾಯಿಸುವಾಗ ಗುಂಡು ಹಾರಿತು ಎಂಬುದು ಅವನ ವಾದ. ಆದರೆ ಸ್ನಾನ ಮುಗಿಸಿ ಬಂದಿದ್ದ ಅಹುಜಾ ಗುಂಡು ತಗುಲಿ ಬಿದ್ದ ಮೇಲೂ ಅವನ ಸೊಂಟದ ಟವೆಲ್ ಕಳಚಿರಲಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಒಬ್ಬ ಹುಡುಗನ ಪ್ಯಾಂಟಿನ ಮೇಲೆ ಟವೆಲ್ ಸುತ್ತಿ, ತುದಿ ಸಿಕ್ಕಿಸಿ, ಇನ್ನೊಬ್ಬನ ಜೊತೆ ಎಳೆದಾಡಲು ಬಿಟ್ಟೆವು. ನಾಲ್ಕೈದು ಸೆಕೆಂಡಿಗೆ ನೆಲಕ್ಕೆ ಬಿತ್ತು. ಗಂಟು ಹಾಕಿದರೆ ಪ್ರಯೋಗ ಕೆಡುತ್ತದೆ. ನಗು ಬಂದೇ ಬರುತ್ತದೆ. ಸತ್ತದ್ದು ಒಬ್ಬ ಮನುಷ್ಯ ಎಂದು ನೆನಪಿಸಿ, ಸದ್ದಡಗುವವರೆಗೆ ಕಾಯಬೇಕು. ಆಮೇಲೆ ಮತ್ತೆ ಚೀಟಿ ಬರೆಸಿದಾಗ ಲೆಕ್ಕ ತಿರುಗಿತ್ತು. ಜ್ಯೂರಿ ಬಿಟ್ಟವನಿಗೆ ಹೈಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, 1964ರಲ್ಲಿ ಕ್ಷಮಾದಾನವೂ ಸಿಕ್ಕಿತು.

ಬೋರ್ಡಿನ ಮೇಲೆ ‘ಆರೋಪಿ’, ‘ಅಪರಾಧಿ’ ಎಂದು ಬರೆದು, ‘ಕೊಲೆಗಾರ ಸಿಕ್ಕಿಬಿದ್ದ’ ಎಂಬ ತಲೆಬರಹ ತಿದ್ದಿಸಿದ್ದು ಐದು ನಿಮಿಷದ ಕೆಲಸ.

ಎರಡನೇ ಪೀರಿಯಡ್ ಬೀದರ್ ಜಿಲ್ಲೆಯ ಮುರ್ಕಿಗೆ. 2018ರ ಜುಲೈ 13. ಹೈದರಾಬಾದಿನಿಂದ ಕಾರಿನಲ್ಲಿ ಬಂದವರು ಹತ್ತಿರದ ಇನ್ನೊಂದು ಊರಿನಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ‘ಮಕ್ಕಳ ಕಳ್ಳರು’ ಎಂಬ ಸುದ್ದಿ ವಾಟ್ಸಾಪಿನಲ್ಲಿ ಕಾರಿಗಿಂತ ಮೊದಲೇ ಮುರ್ಕಿ ಮುಟ್ಟಿತು, ಗುಂಪು ಒಬ್ಬ ಸಾಫ್ಟ್‌ವೇರ್ ಎಂಜಿನಿಯರನನ್ನು ಕೊಂದಿತು. ಇಲ್ಲಿ ಜ್ಯೂರಿಯೂ ಇರಲಿಲ್ಲ, ಮೇಲ್ಮನವಿಯೂ ಇರಲಿಲ್ಲ. ಹಲ್ಲೆಯ ವಿಡಿಯೋ ಮಾತ್ರ ತೋರಿಸಲೇಬಾರದು: ಸಂಜೆಯೊಳಗೆ ಅದು ಹುಡುಗರ ಗ್ರೂಪಿನಲ್ಲಿರುತ್ತದೆ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಅನ್ನು ಐದು ಚಾಟಿಗೆ ಇಳಿಸಿತು. ಐದೈದರಂತೆ ನಾಲ್ಕು ಸುತ್ತಿಗೆ 625, ಮಕ್ಕಳೇ ಗುಣಿಸಿದರು.

ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಸರ್, ಚಾಕೊಲೇಟ್ ತಿಂದ ಮಕ್ಕಳನ್ನ ಯಾರಾದ್ರೂ ಕೇಳಿದ್ರಾ?” ಆ ಪ್ರಶ್ನೆಯನ್ನು ಹಾಗೇ ಬೋರ್ಡಿಗೇರಿಸಿದೆವು. ಅದರ ಕೆಳಗೆ ತುರ್ತು ಕರೆಯ ಸಂಖ್ಯೆ, 112.