72 ಮಾರ್ಕ್ಸು, ಒಂದು ಕರಿ ಕಲ್ಲು

ಗದಗಿನಿಂದ ಧಾರವಾಡಕ್ಕೆ ದಿನಾ ರೈಲಿನಲ್ಲಿ ಓಡಾಡಿ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವನು ನಾನು. 'ದಿನಾ' ಅನ್ನೋದು ಸುಳ್ಳು. ಮೊದಲ ಸೆಮಿಸ್ಟರಿನಲ್ಲಿ ವಾರಕ್ಕೆ ಮೂರು ದಿನ ಹೋಗಿದ್ದರೆ ಜಾಸ್ತಿ. ಹುಬ್ಬಳ್ಳಿವರೆಗೇ ಸುಮಾರು 60 ಕಿಲೋಮೀಟರು, ಅಲ್ಲಿಂದ ಮತ್ತೆ 20. ಇಳಿದು, ಸಿಟಿ ಬಸ್ ಹಿಡಿದು, ವಿಶ್ವವಿದ್ಯಾಲಯದ ಗುಡ್ಡ ಹತ್ತುವಷ್ಟರಲ್ಲಿ ಮೊದಲ ಕ್ಲಾಸು ಮುಗಿದಿರುತ್ತಿತ್ತು. ರಾಣೆಬೆನ್ನೂರಿನ ಗೆಳೆಯನೊಬ್ಬ ಹಾಸ್ಟೆಲಿನಲ್ಲಿದ್ದ. ಒಂದು ಕ್ಲಾಸೂ ಬಿಡುತ್ತಿರಲಿಲ್ಲ. ಅವನ ನೋಟ್ಸು ಝೆರಾಕ್ಸ್ ಮಾಡಿಸಿಕೊಂಡರೆ ನನ್ನ ಕೆಲಸ ಮುಗಿಯಿತು. ಹಾಜರಿ ಕಡಿಮೆ ಬಿದ್ದಾಗ ನನಗೆ ಬೇಕಾದಷ್ಟು ಜ್ವರ ಬರುತ್ತಿತ್ತು.

ರಿಸಲ್ಟ್ ಬಂತು. ನನಗೆ ನೂರಕ್ಕೆ 72, ಅವನಿಗೆ 58. ಓದಿದ್ದು ಅವನದೇ ನೋಟ್ಸು! ಗೆಳೆಯರಿಗೆಲ್ಲ ಗಿರಮಿಟ್ಟು, ಮಿರ್ಚಿ ಕೊಡಿಸಿದೆ. ಅವನೂ ಬಂದು ತಿಂದ, ಬೇಜಾರಿಲ್ಲದೆ.

ಎರಡನೇ ಸೆಮಿಸ್ಟರಿನಲ್ಲಿ ನಮ್ಮನ್ನು ಕಪ್ಪತಗುಡ್ಡಕ್ಕೆ ಕರೆದುಕೊಂಡು ಹೋದರು. ನಮ್ಮ ಜಿಲ್ಲೆಯದೇ ಗುಡ್ಡ, ಚಿಕ್ಕಂದಿನಿಂದ ನೋಡಿದ್ದು. ಹಾಗಾಗಿ ನಾನೇ ಮುಂದೆ ಮುಂದೆ ನಡೆದೆ. ಸರ್ ಕೆಳಗೆ ಬಿದ್ದಿದ್ದ ಒಂದು ಕಲ್ಲು ಎತ್ತಿ ನನ್ನ ಕೈಗಿಟ್ಟರು. ಕಪ್ಪಗೆ, ಭಾರವಾಗಿ, ಬಿಸಿಲಿಗೆ ಮಿಂಚುತ್ತಿತ್ತು.

"ಏನ್ ತಮ್ಮಾ ಇದು?"

"ಮ್ಯಾಗ್ನಟೈಟ್, ಸರ್." ಕಬ್ಬಿಣದ ಅದಿರಿನ ಒಂದು ಜಾತಿ ಅದು. ಒಂದು ಗಳಿಗೆ ಯೋಚನೆ ಮಾಡಲಿಲ್ಲ. ಕಪ್ಪಗಿದೆ, ಭಾರ ಇದೆ, ಇನ್ನೇನು?

ಅವರು ಏನೂ ಅನ್ನಲಿಲ್ಲ. ಕಲ್ಲನ್ನು ರಾಣೆಬೆನ್ನೂರಿನವನಿಗೆ ಕೊಟ್ಟರು. ಅವನೂ ಏನೂ ಹೇಳಲಿಲ್ಲ. ಜೇಬಿನಿಂದ ಬಿಳಿ ಪಿಂಗಾಣಿ ಪಟ್ಟಿ ತೆಗೆದ. ನುಣುಪಿಲ್ಲದ, ಬಿಸ್ಕಿಟಿನಷ್ಟಗಲದ ಪಟ್ಟಿ, ನಮ್ಮ ಲ್ಯಾಬಿನದು. ಅದರ ಮೇಲೆ ಕಲ್ಲನ್ನು ಒತ್ತಿ ಎಳೆದ. ಕರಿ ಕಲ್ಲು ಕುಂಕುಮದಂಥ ಗೆರೆ ಬಿಟ್ಟಿತು.

"ಹೆಮಟೈಟ್," ಅಂದ. ಅದೂ ಕಬ್ಬಿಣದ ಅದಿರೇ, ಜಾತಿ ಬೇರೆ.

ಸರ್ ನನ್ನ ಕಡೆ ತಿರುಗಿದರು. "ಪರೀಕ್ಷಾದಾಗ ಏನ್ ಬರದಿದ್ದಿ?"

"ಹೆಮಟೈಟಿನ ಗೆರೆ ಕೆಂಪು, ಮ್ಯಾಗ್ನಟೈಟಿನ ಗೆರೆ ಕಪ್ಪು, ಸರ್." ಅದಕ್ಕೆ ನನಗೆ ಐದಕ್ಕೆ ಐದು ಬಂದಿತ್ತು.

"ಮತ್ತ, ತಿಕ್ಕಿ ನೋಡಬಾರದೇನು?"

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ಒಂದು ಗಾಡಿ ಮುಂಚಿನದನ್ನು ಹಿಡಿಯತೊಡಗಿದೆ. ಎಲ್ಲ ಕ್ಲಾಸೂ ಬಂಗಾರದಂಥವು ಅಂತ ಹೇಳಲಾರೆ. ಒಂದು ಪೇಪರಿನ ಕ್ಲಾಸಿನಲ್ಲಿ ಹಳದಿಯಾದ ಹಾಳೆ ನೋಡಿ ಬರೆಸುತ್ತಿದ್ದರು, ನಾವು ಕೂತಲ್ಲೇ ತೂಕಡಿಸುತ್ತಿದ್ದೆವು. ಆದರೆ ಉಳಿದ ಕ್ಲಾಸುಗಳಲ್ಲಿ ನಡೆಯುತ್ತಿದ್ದದ್ದು ಅರ್ಧವೂ ನೋಟ್ಸಿಗೆ ಇಳಿದಿರಲಿಲ್ಲ. 'ಧಾರವಾಡ ಶಿಲೆಗಳು, 250 ಕೋಟಿ ವರ್ಷಕ್ಕೂ ಹಳೆಯವು, ಹೆಸರಿಟ್ಟವರು ಭೂವಿಜ್ಞಾನಿ ಬ್ರೂಸ್ ಫೂಟ್' ಅಂತ ಝೆರಾಕ್ಸಿನಲ್ಲಿ ಒಂದೇ ಸಾಲಿತ್ತು. ಕ್ಲಾಸಿನಲ್ಲಿ ಸರ್ ಅಲ್ಲಿಂದ ಲಕ್ಕುಂಡಿಗೆ ಹೋದರು. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯ ಗೋಡೆಯಲ್ಲಿ ಅಷ್ಟು ಸಣ್ಣ ಕೆತ್ತನೆ ಹೇಗೆ ಬಂತು? ಬಳಪದ ಜಾತಿಯ ಮೆತ್ತನೆ ಕಲ್ಲು, ಉಳಿ ಹೇಳಿದಂತೆ ಕೇಳುತ್ತದೆ. ಒಂದು ಚೂರನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿ, ಉಗುರಿನಲ್ಲಿ ಗೀರಲು ಹೇಳಿದರು. ಗೀರಿದೆವು. ಉಗುರಿನ ಸಂದಿಯಲ್ಲಿ ನುಣ್ಣನೆ ಪುಡಿ ಸಿಕ್ಕಿತು.

ಇನ್ನೊಂದು ದಿನ ನರಗುಂದದ ಕಡೆಯ ಹುಡುಗ ಎದ್ದು ನಿಂತ. "ಸರ್, ನಮ್ಮ ಹೊಲದ ಬಾವಿ ನೀರು ಸವಳ. ಬದುವಿನ ಆಚೆ ಕಾಕಾರ ಬಾವಿದು ಸಿಹಿ. ಹೆಂಗ್ರಿ?" ಸಿಲಬಸ್ಸಿನಲ್ಲಿ ಇಲ್ಲದ್ದು. ಸರ್ ಚಾಕ್‌ಪೀಸು ಕೆಳಗಿಟ್ಟು ಅವನನ್ನೇ ಕೇಳುತ್ತಾ ಹೋದರು. ಬಾವಿ ಎಷ್ಟು ಆಳ? ಮೇಲೆ ಎಷ್ಟು ಕರಿ ಮಣ್ಣು? ಬೇಸಿಗೆಯಲ್ಲಿ ರುಚಿ ಬದಲಾಗುತ್ತದೆಯಾ? ಗಟ್ಟಿ ಬಂಡೆಯೊಳಗೆ ನೀರು ಕೆರೆಯ ಹಾಗೆ ಹರಡಿ ನಿಂತಿರುವುದಿಲ್ಲ, ಒಂದೊಂದು ಬಿರುಕು ಒಂದೊಂದು ದಾರಿ, ಹರಿಯದೆ ಬಹಳ ಕಾಲ ನಿಂತ ನೀರು ಉಪ್ಪು ಕರಗಿಸಿಕೊಳ್ಳುತ್ತದೆ ಅಂತ ನಾವೇ ತಡವರಿಸುತ್ತಾ ಹೇಳುವವರೆಗೆ ಬಿಡಲಿಲ್ಲ. ಗಂಟೆ ಬಾರಿಸಿದ್ದು ಗೊತ್ತಾಗಲಿಲ್ಲ. ಆ ತಾಸು ಯಾವ ಪರೀಕ್ಷೆಯಲ್ಲೂ ಬರಲಿಲ್ಲ.

ಈಗ ನಾನು ಬೋರ್‌ವೆಲ್ ಪಾಯಿಂಟ್ ನೋಡುವ ಕೆಲಸದಲ್ಲಿದ್ದೇನೆ. 72 ಸುಮ್ನೆ ಹೋಗಲಿಲ್ಲ. ಆ ಅಂಕಪಟ್ಟಿ ಇಲ್ಲದಿದ್ದರೆ ಇಂಟರ್‌ವ್ಯೂಗೇ ಕರೆಯುತ್ತಿರಲಿಲ್ಲ. ಒಳಗೆ ಹೋದ ಮೇಲೆ ಅದನ್ನು ಯಾರೂ ಮತ್ತೆ ಕೇಳಿಲ್ಲ. ರೈತರು ಕೇಳುವುದು ನರಗುಂದದ ಹುಡುಗ ಕೇಳಿದ್ದನ್ನೇ. ನಾನೂ ಬದುವಿನ ಮೇಲೆ ಕೂತು ಮೊದಲು ಅವರನ್ನೇ ಕೇಳುತ್ತೇನೆ. ಬಾವಿ ಎಷ್ಟು ಆಳ, ಬೇಸಿಗೆಯಲ್ಲಿ ರುಚಿ ಹೆಂಗೆ?

ಒಂದು ವಿಷಯ ಒಪ್ಪಿಕೊಳ್ಳಬೇಕು. ಕೊನೆಯ ಪ್ರಾಕ್ಟಿಕಲ್ ದಿನ ಆ ಬಿಳಿ ಪಟ್ಟಿಯೊಂದು ನನ್ನ ಬ್ಯಾಗಿನಲ್ಲೇ ಬಂದುಬಿಟ್ಟಿತು. ಲ್ಯಾಬಿನ ರಿಜಿಸ್ಟರಿನಲ್ಲಿ ಅದು ಇನ್ನೂ ನನ್ನ ಹೆಸರಿನಲ್ಲೇ ಇರಬೇಕು. ಸದ್ಯಕ್ಕೆ ವಾಪಸ್ ಕೊಡುವ ವಿಚಾರವಿಲ್ಲ, ದಿನಾ ಬೇಕಾಗುತ್ತದೆ.